ಬಾಳೆಹೊಸೂರ ಸೀಮೆಯ ಬ್ಯಾಂಡಾಭಿಮಾನ: ಉಗಮ, ಸ್ವರೂಪ, ಆಯಾಮ ಹಾಗೂ ಇತ್ಯಾದಿ

1.0 ಪೀಠಿಕೆ

ಜಾಗತೀಕರಣೋತ್ತರ ಸಂದರ್ಭದ ಗ್ರಾಮೀಣ ಶ್ರವಣ ಸಂಸ್ಕೃತಿಯ ಬಹುಮುಖಿ ನೆಲೆಗಳನ್ನು ಮುಖಾಮುಖಿಯಾಗಿಸುವ ಸಂಕಥನಗಳು ಕನ್ನಡದಲ್ಲಿ ವಿರಳವಾಗಿರುವ ಹಿನ್ನೆಲೆಯಲ್ಲಿ, ಒಬ್ಬ ಮನುಷ್ಯ ಒಂದು ಬ್ಯಾಂಡಿಗೆ ಮರುಳಾಗುವ ಪ್ರಕ್ರಿಯೆಯಲ್ಲಿ ಮೊಟ್ಟಮೊದಲ ಹಾಡಿನ ಪಾತ್ರವೇನು ಎಂಬುದನ್ನು ಒಂದು ತಾತ್ವಿಕ ಚೌಕಟ್ಟಿನೊಳಗೆ ಇಟ್ಟು, ಆ ಚೌಕಟ್ಟನ್ನು ಇನ್ನೊಂದು ಚೌಕಟ್ಟಿನೊಳಗೆ ಇಟ್ಟು, ಮೊಳೆ ಹೊಡೆದು ಗೋಡೆಗೆ ನೇತುಹಾಕುವುದು ಪ್ರಸ್ತುತ ಪ್ರಬಂಧದ ಮೂಲ ಆಶಯವಾಗಿದೆ.

ಇದನ್ನೇ ಬಾಳೆಹೊಸೂರ ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತವರು ಕೇಳಿದರೆ, "ನಿನಗ ಯಾ ಹಾಡ ಕೇಳಿ ಹುಚ್ಚ ಹಿಡೀತೋ ತಮ್ಮಾ?" ಎಂದು ಏಳು ಶಬ್ದದಲ್ಲಿ ಮುಗಿಸುತ್ತಾರೆ. ಆದರೆ ಏಳು ಶಬ್ದದಲ್ಲಿ ಮುಗಿಯುವ ವಿಷಯಕ್ಕೆ ಪಿಎಚ್.ಡಿ. ಕೊಡುವ ವಿಶ್ವವಿದ್ಯಾಲಯ ಇನ್ನೂ ಸ್ಥಾಪನೆಯಾಗಿಲ್ಲ.

ಪ್ರಬಂಧದ ಭಾಷೆಯ ಕುರಿತು ಒಂದು ಮಾತು. ಬಾಳೆಹೊಸೂರ ಇರುವುದು ಲಕ್ಷ್ಮೇಶ್ವರದ ಸೀಮೆಯಲ್ಲಿ. ಲಕ್ಷ್ಮೇಶ್ವರವೆಂದರೆ ಹಳೆಯ ಪುಲಿಗೆರೆ. ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದಗಳ ನಡುವಿನ ನಾಡೇ ಕನ್ನಡದ ತಿರುಳು ಎಂದು ಒಂಬತ್ತನೆಯ ಶತಮಾನದಲ್ಲಿಯೇ ಕವಿರಾಜಮಾರ್ಗ ಸರ್ಟಿಫಿಕೇಟು ಕೊಟ್ಟುಬಿಟ್ಟಿದೆ. ಅಂಥ ತಿರುಳಿನ ನಟ್ಟನಡುವೆ ಕೂತು "ಆಯಾಮೀಕರಣ" ಎಂದು ಬರೆಯಬೇಕಾದರೆ ಗಟ್ಟಿ ಗುಂಡಿಗೆ ಬೇಕು. ವಿಚಾರ ಸಂಕಿರಣಗಳಲ್ಲಿ ಅಂಥ ಗುಂಡಿಗೆಯವರನ್ನು ಸಾಲುಸಾಲಾಗಿ ಕಂಡಿದ್ದೇನೆ. ಅವರ ದಾರಿಯಲ್ಲೇ ನಡೆಯುತ್ತೇನೆ.

1.1 ವ್ಯಾಪ್ತಿ, ಮಿತಿ, ಇತಿಮಿತಿ ಹಾಗೂ ಪರಿಮಿತಿ

ಉತ್ತರಕ್ಕೆ ಗದಗ-ಬೆಟಗೇರಿ, ಪೂರ್ವಕ್ಕೆ ಮುಂಡರಗಿ, ನಡುವೆ ಶಿರಹಟ್ಟಿ, ಲಕ್ಷ್ಮೇಶ್ವರ. ದಕ್ಷಿಣಕ್ಕೆ ಬೈಕಿನ ಪೆಟ್ರೋಲು ಮುಗಿಯುವವರೆಗೆ. ಇದು ವ್ಯಾಪ್ತಿ. ಮಿತಿಗಳಿಗೆ ಮಿತಿಯಿಲ್ಲ.

"ಬ್ಯಾಂಡ್" ಎಂದಾಗ ಪಾಶ್ಚಾತ್ಯ ವಿದ್ವಾಂಸರಿಗೆ ಗಿಟಾರು ಹಿಡಿದ ನಾಲ್ಕು ಹುಡುಗರು ಕಣ್ಣ ಮುಂದೆ ಬರುತ್ತಾರೆ. ಅಲ್ಲಿಯ ಅಭಿಮಾನಿಗೆ ತನ್ನ ಹುಚ್ಚು ಹುಟ್ಟಿದ ತಾರೀಖು ಕೂಡ ಗೊತ್ತಿರುತ್ತದೆ. 1964ರ ಫೆಬ್ರುವರಿ 9ರ ರಾತ್ರಿ ಸುಮಾರು 7.3 ಕೋಟಿ ಅಮೆರಿಕನ್ನರು ಎಡ್ ಸಲಿವನ್ ಶೋದಲ್ಲಿ ಬೀಟಲ್ಸ್‌ರನ್ನು ನೋಡಿದರು. ಮರುದಿನ ಬೆಳಗ್ಗೆ ಎದ್ದವರಲ್ಲಿ ಲಕ್ಷಗಟ್ಟಲೆ ಜನ ಅಭಿಮಾನಿಗಳಾಗಿದ್ದರು. ನಮ್ಮ ಅಧ್ಯಯನ ವಲಯದಲ್ಲಿ ಬ್ಯಾಂಡ್ ಎಂದರೆ ಬ್ರಾಸ್ ಬ್ಯಾಂಡ್ ಕಂಪನಿ: ಎರಡು ಕ್ಲಾರಿನೆಟ್ಟು, ಮೂರೋ ನಾಲ್ಕೋ ಟ್ರಂಪೆಟ್ಟು, ಒಂದು ಸೈಡ್ ಡ್ರಮ್ಮು, ಹೊಟ್ಟೆಯ ಮೇಲೆ ಕಂಪನಿಯ ಹೆಸರೂ ಫೋನ್ ನಂಬರೂ ಬರೆಸಿಕೊಂಡ ಒಂದು ದೊಡ್ಡ ಡ್ರಮ್ಮು, ಯಾರ ಮೈಗೂ ಸರಿಯಾಗಿ ಕೂಡದ ಕೆಂಪು ಕೋಟುಗಳು. ಇಲ್ಲಿ ತಾರೀಖು ಸಿಗುವುದಿಲ್ಲ. ಒಬ್ಬ ಮಾಹಿತಿದಾರರು ಕೊಟ್ಟ ಉತ್ತರ ಹೀಗಿದೆ: "ನಮ್ಮ ಸ್ವಾದರಮಾವನ ಲಗ್ನದಾಗರಿ. ಯಾ ವರ್ಸ ಅಂದ್ರ… ಹಿಂಗಾರಿ ಕೈ ಕೊಟ್ಟಿತ್ತು ನೋಡ್ರಿ, ಆ ವರ್ಸ."

ಹಿಂಗಾರಿ ಕೈ ಕೊಟ್ಟ ವರ್ಷಗಳು ಈ ಸೀಮೆಯಲ್ಲಿ ಬಹಳ. ಆದ್ದರಿಂದ ಕಾಲನಿರ್ಣಯವನ್ನು ಇಲ್ಲಿಗೇ ಕೈಬಿಡಲಾಗಿದೆ.

2.0 ಪರಿಭಾಷೆ

ಅಭಿಮಾನವು ಏಕಾಏಕಿ ಸಂಭವಿಸುವುದಿಲ್ಲ. ಅದಕ್ಕೆ ನಾಲ್ಕು ಘಟ್ಟಗಳಿವೆ. ಮೊದಲನೆಯದು ಆದ್ಯಶ್ರವಣಾಘಾತ: ಓಣಿಯ ತಿರುವಿನಲ್ಲಿ ಇದ್ದಕ್ಕಿದ್ದಂತೆ ದೊಡ್ಡ ಡ್ರಮ್ಮಿನ ಪೆಟ್ಟು ಕೇಳಿ ಬಾಯಲ್ಲಿಯ ರೊಟ್ಟಿ ಬಾಯಲ್ಲೇ ಉಳಿಯುವುದು. ಎರಡನೆಯದು ಪಾದರಕ್ಷಾವಿಸ್ಮೃತಿ: ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಓಡುವುದು. ಮೂರನೆಯದು ಅನುಗಮನ: ಬ್ಯಾಂಡಿನ ಹಿಂದೆ, ಗ್ಯಾಸ್‌ಬತ್ತಿ ಹೊತ್ತವರ ಕಾಲಡಿಯಲ್ಲಿ, ಬೀಗರ ಬಿಡಾರದ ತನಕ ಹೋಗುವುದು. ತರ್ಕಶಾಸ್ತ್ರದವರು ಇದೇ ಹೆಸರಿನ ವಿಧಾನವೊಂದನ್ನು ಕೂತಲ್ಲೇ ಮಾಡುತ್ತಾರಂತೆ; ನಮ್ಮಲ್ಲಿ ನಡೆದೇ ಮಾಡಬೇಕು. ನಾಲ್ಕನೆಯದು ದಂಡನಪರ್ವ: ಮನೆಗೆ ಬಂದ ಮೇಲೆ ಅವ್ವನ ಕೈಯಿಂದ ಬೀಳುವುದು. ನಾಲ್ಕೂ ಪೂರೈಸಿದವನು ಮಾತ್ರ ಪೂರ್ಣಾಭಿಮಾನಿ. ಮೊದಲನೆಯದನ್ನಷ್ಟೇ ಅನುಭವಿಸಿ ಕಿಟಕಿಯಿಂದ ನೋಡಿದವನು ಮುಂದೆ ಸಂಗೀತ ವಿಮರ್ಶಕನಾಗುತ್ತಾನೆ.

3.0 ಪೂರ್ವಸೂರಿಗಳ ಸಮೀಕ್ಷೆ

ಈ ಕ್ಷೇತ್ರದ ಆದ್ಯಪುರುಷ ಗದಗಿನವರೇ ಎಂಬುದು ನಮ್ಮ ಜಿಲ್ಲೆಯ ಹೆಮ್ಮೆ. 1922ರ ಫೆಬ್ರುವರಿ 4ರಂದು ಹುಟ್ಟಿದ ಭೀಮಸೇನ ಜೋಶಿ ಎಂಬ ಬಾಲಕನಿಗೆ ಬ್ಯಾಂಡು, ಭಜನೆ, ಯಾವುದರ ಮೆರವಣಿಗೆ ಹೊರಟರೂ ಹಿಂದೆ ಹೋಗುವ ಚಟ. ನಡೆದು ನಡೆದು ದಣಿದಲ್ಲಿ ಮಲಗಿಬಿಡುವುದು. ಹುಡುಕಿ ಹುಡುಕಿ ಸಾಕಾಗಿ ಮನೆಯವರು ಪೊಲೀಸರ ಹತ್ತಿರ ಹೋಗುವ ಹೊತ್ತಾಗುತ್ತಿತ್ತಂತೆ. ಕೊನೆಗೆ ತಂದೆ ಗುರುರಾಜ ಜೋಶಿ ಮಾಸ್ತರರು ಮಗನ ಅಂಗಿಗಳ ಮೇಲೆ "ಜೋಶಿ ಮಾಸ್ತರರ ಮಗ" ಎಂದು ಬರೆದುಬಿಟ್ಟರು. ಮಲಗಿದ್ದಲ್ಲಿ ಕಂಡವರು ಎತ್ತಿಕೊಂಡು ಬಂದು ಮನೆಗೆ ಮುಟ್ಟಿಸತೊಡಗಿದರು.

ಇದರ ಶೈಕ್ಷಣಿಕ ಮಹತ್ವ ಅಪಾರ. ಇಂದಿನ ಅಭಿಮಾನಿ ತನ್ನ ಮೆಚ್ಚಿನ ಬ್ಯಾಂಡಿನ ಹೆಸರನ್ನು ಎದೆಯ ಮೇಲೆ ಅಚ್ಚುಹಾಕಿಸಿಕೊಂಡ ಟೀಶರ್ಟಿಗೆ ಕೈತುಂಬ ದುಡ್ಡು ಕೊಡುತ್ತಾನೆ. ಗದಗಿನಲ್ಲಿ ಸುಮಾರು ನೂರು ವರ್ಷದ ಹಿಂದೆಯೇ ಅಭಿಮಾನಿಯ ಅಂಗಿಯ ಮೇಲೆ ಬರಹವಿತ್ತು. ಅದರಲ್ಲಿ ಬ್ಯಾಂಡಿನ ಹೆಸರಿರಲಿಲ್ಲ. ಕಳೆದ ಮಾಲನ್ನು ಎಲ್ಲಿಗೆ ವಾಪಸು ಮುಟ್ಟಿಸಬೇಕು ಎಂಬ ವಿಳಾಸವಿತ್ತು.

ಆ ಬಾಲಕ ಮನೆ ಬಿಟ್ಟು ಓಡಿಹೋದದ್ದು ಏಕೆ ಎಂಬ ಪ್ರಶ್ನೆಯಲ್ಲಿ ವಿದ್ವಾಂಸರು ಮೂರು ಪಂಥಗಳಾಗಿ ಒಡೆದಿದ್ದಾರೆ. ತಟ್ಟೆ ಪಂಥದವರ ಪ್ರಕಾರ, ಉಸ್ತಾದ್ ಅಬ್ದುಲ್ ಕರೀಂ ಖಾನರು ಝಿಂಝೋಟಿ ರಾಗದಲ್ಲಿ ಹಾಡಿದ ಠುಮ್ರಿಯೊಂದನ್ನು ಹುಡುಗ ಗ್ರಾಮಫೋನ್ ತಟ್ಟೆಯಲ್ಲಿ ಕೇಳಿದ. ಹಾಡಿದರೆ ಹಾಗೆ ಹಾಡಬೇಕೆಂದು ಗುರುವನ್ನು ಹುಡುಕಿಕೊಂಡು 1933ರಲ್ಲಿ, ಹನ್ನೊಂದನೆಯ ವಯಸ್ಸಿನಲ್ಲಿ ಹೊರಟ. ತುಪ್ಪ ಪಂಥದವರ ಪ್ರಕಾರ, ಊಟದಲ್ಲಿ ಇನ್ನೊಂದು ಚಮಚ ತುಪ್ಪ ಹಾಕದ್ದಕ್ಕೆ ಸಿಟ್ಟಾಗಿ ಎದ್ದುಹೋದ. ತಟ್ಟೆ ಪಂಥದಲ್ಲಿ ಪ್ರಾಧ್ಯಾಪಕರು ಹೆಚ್ಚು. ತುಪ್ಪ ಪಂಥದಲ್ಲಿ ಗದಗ ಸೀಮೆಯ ಅಜ್ಜಿಯರು ಹೆಚ್ಚು. ಎರಡನ್ನೂ ಸಮನ್ವಯಗೊಳಿಸುವ ಮಿಶ್ರಪಂಥವೊಂದು ಹುಟ್ಟದೆ ಇರುವುದು ಕನ್ನಡ ಸಂಶೋಧನೆಯ ದುರ್ದೈವ.

ಮೂರನೆಯದು ಬ್ಯಾಂಡ್ ಪಂಥ. ಇದರ ಸಂಸ್ಥಾಪಕ, ಅಧ್ಯಕ್ಷ, ಖಜಾಂಚಿ ಹಾಗೂ ಏಕೈಕ ಸದಸ್ಯ ನಾನೇ. ನನ್ನ ವಾದ ಸರಳ. ತಟ್ಟೆ ಕೇಳಿ ಮನೆ ಬಿಟ್ಟ ಎನ್ನುತ್ತೀರಿ, ಒಪ್ಪಿದೆ. ಆದರೆ ಮನೆ ಬಿಡುವ ಅಭ್ಯಾಸ ಅದಕ್ಕೂ ಮೊದಲೇ ಆಗಿತ್ತಲ್ಲ? ಹಾಡಿನ ಹಿಂದೆ ಹೋದರೆ ಅಂಗಳ, ಓಣಿ, ಊರು ಎಲ್ಲ ಹಿಂದೆ ಬೀಳುತ್ತವೆ ಎಂದು ಆ ಕಾಲುಗಳಿಗೆ ಕಲಿಸಿದವರು ಯಾರು? ಕರೀಂ ಖಾನರ ತಟ್ಟೆ ಕೇಳುವ ಹೊತ್ತಿಗೆ ಆ ಕಿವಿ ಗದಗಿನ ಬೀದಿಗಳಲ್ಲಿ ಹಲವು ಸಂವತ್ಸರ ನಡೆದು ಹದವಾಗಿತ್ತು. ಮುಂದೆ ರೈಲಿನಲ್ಲಿ ಸಹಪ್ರಯಾಣಿಕರು ಕೊಟ್ಟ ದುಡ್ಡಿನಲ್ಲಿ ಪುಣೆ, ಆಮೇಲೆ ಗ್ವಾಲಿಯರ್, ಕೊಲ್ಕತ್ತ, ರಾಂಪುರ ಎಂದು ಅಲೆದು ಜಾಲಂಧರಿನಲ್ಲಿ ತಂದೆಯ ಕೈಗೆ ಸಿಕ್ಕಿದ್ದು, 1936ರಲ್ಲಿ ಮನೆಯ ಪಕ್ಕವೆನ್ನಬಹುದಾದ ಕುಂದಗೋಳದಲ್ಲೇ ಸವಾಯಿ ಗಂಧರ್ವರು ಗುರುವಾಗಿ ದೊರೆತದ್ದು ಎಲ್ಲ ನಾವು ನಮ್ಮದೆಂದು ಹೇಳಿಕೊಳ್ಳುವ ಕತೆಯೇ. ಅದು ಕೂಡ ಮೆರವಣಿಗೆಯೇ. ಸ್ವಲ್ಪ ಉದ್ದವಾಯಿತು, ಅಷ್ಟೆ.

ಆದರೆ ನಾನು ಓದಿದ ಯಾವ ಚರಿತ್ರೆಯಲ್ಲೂ ಆ ಬ್ಯಾಂಡು ಯಾವುದಿತ್ತು ಎಂದು ಬರೆದಿಲ್ಲ. ಅದು ಏನು ಬಾರಿಸುತ್ತಿತ್ತು ಎಂದು ಬರೆದಿಲ್ಲ. ಕರೀಂ ಖಾನರ ಠುಮ್ರಿಯ ಬಗ್ಗೆ ಪುಟಗಟ್ಟಲೆ ಇದೆ. ಅಂಗಿಯ ಮೇಲಿನ ಮೂರು ಶಬ್ದ ಕೂಡ ಇತಿಹಾಸದಲ್ಲಿ ದಾಖಲಾಗಿದೆ. ಮುಂದೆ ಭಾರತರತ್ನನಾದ ಹುಡುಗನನ್ನು ಮೊದಲು ಬೀದಿಗೆ ಎಳೆದ ಮನುಷ್ಯನ ಹೆಸರು ಮಾತ್ರ ಯಾರಿಗೂ ಬೇಕಾಗಿಲ್ಲ.

ಪೂರ್ವಸೂರಿಗಳ ಸಮೀಕ್ಷೆ ಇಲ್ಲಿಗೆ ಮುಗಿಯಿತು. ಪ್ರಬಂಧಕಾರನು ಭಾವಾವೇಶಕ್ಕೆ ಒಳಗಾಗಬಾರದೆಂದು ಮಾರ್ಗದರ್ಶಕರು ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ಬರೆದಿದ್ದಾರೆ.

4.0 ಆದ್ಯಗೀತೆಗಳ ಅಷ್ಟವಿಧ ವರ್ಗೀಕರಣ

4.1 ಸರ್ಪಜನ್ಯ. 1954ರ ಹಿಂದಿ ಚಿತ್ರ "ನಾಗಿನ್"ದ ಹಾವಾಡಿಗನ ಸ್ವರ ಬಾರಿಸದೆ ಈ ಸೀಮೆಯಲ್ಲಿ ಒಂದು ಮೆರವಣಿಗೆಯೂ ಅಗಸಿ ದಾಟಿಲ್ಲ. ಅಭಿಮಾನಿಗಳಲ್ಲಿ ಬಹುಸಂಖ್ಯಾತರು ಈ ವರ್ಗದವರು. ಲಕ್ಷಣ: ಅಭಿಮಾನಿಯು ಕರವಸ್ತ್ರದ ಒಂದು ತುದಿಯನ್ನು ಹಲ್ಲಲ್ಲಿ ಕಚ್ಚಿ, ಇನ್ನೊಂದನ್ನು ಕೈಯಲ್ಲಿ ಹಿಡಿದು ನೆಲಕ್ಕೆ ಮೊಣಕಾಲೂರುತ್ತಾನೆ, ಎದುರಿಗಿನವನು ಹೆಡೆಯೆತ್ತುತ್ತಾನೆ, ಇಬ್ಬರ ಹೊಸ ಪ್ಯಾಂಟೂ ಹಾಳಾಗುತ್ತದೆ. ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ಆ ಚಿತ್ರದಲ್ಲಿ ಕೇಳುವುದು ಪುಂಗಿಯೇ ಅಲ್ಲ. ಫ್ರಾನ್ಸಿನಲ್ಲಿ 1947ರಲ್ಲಿ ಕಾನ್ಸ್ಟಂಟ್ ಮಾರ್ಟಿನ್ ಎಂಬವನು ಕಂಡುಹಿಡಿದ ಕ್ಲಾವಿಯೋಲಿನ್ ಎಂಬ ವಿದ್ಯುತ್ ವಾದ್ಯ. ಹೇಮಂತ ಕುಮಾರರ ಸಂಗೀತದಲ್ಲಿ ಅದನ್ನು ನುಡಿಸಿದವರು ಮುಂದೆ ಸಂಗೀತ ನಿರ್ದೇಶಕರಾದ ಕಲ್ಯಾಣ್‌ಜಿ. ಅಂದರೆ ಪುಂಗಿಯನ್ನು ಅಣಕಿಸಿದ ಫ್ರೆಂಚ್ ಯಂತ್ರವನ್ನು ಅಣಕಿಸುವ ಕ್ಲಾರಿನೆಟ್ಟಿಗೆ ಹಾವನ್ನು ಅಣಕಿಸುವ ವರನ ತಮ್ಮ ಕುಣಿಯುತ್ತಾನೆ. ಕಲೆಯು ಸತ್ಯಕ್ಕಿಂತ ಮೂರು ಮೆಟ್ಟಿಲು ದೂರವೆಂದು ಪ್ಲೇಟೋ ಗೊಣಗಿದ್ದ. ಲಕ್ಷ್ಮೇಶ್ವರದ ಬಜಾರಿನಲ್ಲಿ ಒಂದು ಮದುವೆ ನೋಡಿದ್ದರೆ ನಾಲ್ಕನೆಯ ಮೆಟ್ಟಿಲನ್ನೂ ಎಣಿಸುತ್ತಿದ್ದ.

4.2 ಸನಾದಿಜನ್ಯ. 1977ರಲ್ಲಿ "ಸನಾದಿ ಅಪ್ಪಣ್ಣ" ಬಂತು. ಪರದೆಯ ಮೇಲೆ ಸನಾದಿ ಹಿಡಿದವರು ರಾಜಕುಮಾರ್. ಹಿಂದೆ ಶಹನಾಯಿ ನುಡಿಸಿದವರು ಉಸ್ತಾದ್ ಬಿಸ್ಮಿಲ್ಲಾ ಖಾನ್. ನಮ್ಮ ಕಡೆ ಸನಾದಿ ಊದುವ ಭಜಂತ್ರಿಯವರು ಅದನ್ನು ಕೇಳಿದರು. ಸುಗ್ಗಿ ಮುಗಿಯುವುದರೊಳಗೆ ಹಳ್ಳಿ ಹಳ್ಳಿಯ ಹಂದರದ ಮುಂದೆ ಅದೇ ಹಾಡು ನುಡಿಯಿತು. ಸಿನೆಮಾ ನೋಡಲು ದುಡ್ಡಿಲ್ಲದವರು ಮೊದಲು ಕೇಳಿದ್ದು ಅವರಿಂದ. ಎಷ್ಟೋ ವರ್ಷದ ಮೇಲೆ ಚಿತ್ರ ನೋಡಿದ ಒಬ್ಬ ಹಿರಿಯರು ನನ್ನ ಹತ್ತಿರ ದೂರಿಕೊಂಡದ್ದುಂಟು: "ಸಿನೆಮಾದಾಗ ಅಷ್ಟೇನ್ ಛಲೋ ಬಂದಿಲ್ಲ ಬಿಡ್ರಿ. ನಮ್ಮೂರಾಂವ ಬಾರ್ಸಿದಂಗ ಆಗೂದಿಲ್ಲ." ಇವರು ಯಾರ ಅಭಿಮಾನಿ? ಬಿಸ್ಮಿಲ್ಲಾ ಖಾನರಿಗೆ ಭಾರತರತ್ನ ಬಂತು. ರಾಜಕುಮಾರರಿಗೆ ಫಾಲ್ಕೆ ಪ್ರಶಸ್ತಿ ಬಂತು. "ನಮ್ಮೂರಾಂವ"ನ ಹೆಸರನ್ನು ಆ ಹಿರಿಯರಿಗೆ ನೆನಪಿಸಿಕೊಳ್ಳಲಾಗಲಿಲ್ಲ. ಭಜಂತ್ರಿ ಅಂದರು. ಅದು ಹೆಸರಲ್ಲ.

4.3 ಪ್ರತ್ಯಾಗತ. ಸೀಮೆಯ ಹುಡುಗ ಎಂಜಿನಿಯರಾಗಿ ಬೆಂಗಳೂರಿಗೆ ಹೋಗುತ್ತಾನೆ. ಅಲ್ಲೊಂದು ಸಂಜೆ, ಲುಂಗಿ ಉಟ್ಟು, ಕಾಲಿಗೆ ಗೆಜ್ಜೆ ಕಟ್ಟಿಕೊಂಡು, ಗಿಟಾರು ಬಾರಿಸುತ್ತ ಹಾಡುವ ರಘು ದೀಕ್ಷಿತರನ್ನು ಕೇಳಿ ಮೈಮರೆಯುತ್ತಾನೆ. 2008ರ ಮೊದಲ ಆಲ್ಬಮ್ಮಿನಿಂದಲೂ ಅವರು ಶಿಶುನಾಳ ಶರೀಫರನ್ನು ಹಾಡುತ್ತ ಬಂದವರು, ಚೆನ್ನಾಗಿಯೇ ಹಾಡುತ್ತಾರೆ. ಹುಡುಗ ರಾತ್ರಿ ಹನ್ನೊಂದಕ್ಕೆ ಊರಿಗೆ ಫೋನು ಹಚ್ಚಿ, "ಯಮ್ಮಾ, ಎಂಥಾ ಬ್ಯಾಂಡ್ ಕೇಳಿದ್ನಿ ಗೊತ್ತೈತೇನ, ಎಂಥಾ ಹಾಡ!" ಎಂದು ಎರಡು ಸಾಲು ಗುನುಗುತ್ತಾನೆ. ಆ ಕಡೆಯಿಂದ ಅಜ್ಜಿ: "ಸ್ವಾಮವಾರದ ಭಜನ್ಯಾಗ ನಿನ್ನ ತೊಡಿಮ್ಯಾಲೆ ಹಾಕ್ಕೊಂಡ ಹಾಡತಿದ್ವಲ್ಲೋ, ಆವಾಗ ನಿದ್ದಿ ಹೊಡೀತಿದ್ದಿ." ಶಿಶುನಾಳ ಇರುವುದು ಪಕ್ಕದ ಹಾವೇರಿ ಜಿಲ್ಲೆಯಲ್ಲಿ. ಶರೀಫರು ಅಲ್ಲಿಂದ ಬಾಳೆಹೊಸೂರಿಗೆ ಬೆಂಗಳೂರಿನ ಮೇಲೆ ಹಾದು ಬರಬೇಕಾಯಿತು. ಈ ಸುತ್ತುದಾರಿಗೆ ಸಂಸ್ಕೃತಿ ಅಧ್ಯಯನದವರು "ಅನನ್ಯತೆಯ ಮರುಶೋಧ" ಎನ್ನುತ್ತಾರೆ. ಬಸ್ಸಿನವರು ಇದಕ್ಕೆ ಬೇರೆ ಟಿಕೆಟು ಹರಿಯುತ್ತಾರೆ.

4.4 ಪರಿಷ್ಕೃತ. ಇದು ಅತ್ಯಂತ ಸಮೃದ್ಧ ವರ್ಗ. ಮನುಷ್ಯ ದೊಡ್ಡ ಹುದ್ದೆಗೇರಿ, ಅವನ ಅಭಿನಂದನ ಗ್ರಂಥದ ಕೆಲಸ ಶುರುವಾದ ಕೂಡಲೆ ಅವನ ಆದ್ಯಗೀತೆ ಬದಲಾಗುತ್ತದೆ. ಹತ್ತು ವರ್ಷದವನಿದ್ದಾಗ ಮಲ್ಲಿಕಾರ್ಜುನ ಮನಸೂರರ ವಚನಗಾಯನ ಕೇಳಿ ರೋಮಾಂಚನವಾಯಿತೆಂದು ಬರೆಯುತ್ತಾನೆ. ಧಾರವಾಡ ಆಕಾಶವಾಣಿ 1950ರಲ್ಲಿ ಆರಂಭವಾಯಿತು. ಅಂದಿನಿಂದ ಇಂಥ ಸುಳ್ಳಿಗೆ ಬಹಳ ಅನುಕೂಲವಾಗಿದೆ. ಅದಕ್ಕೂ ಹಿಂದೆ ಹುಟ್ಟಿದವರು ಗದಗಿನ ವೀರೇಶ್ವರ ಪುಣ್ಯಾಶ್ರಮದ ಪಂಚಾಕ್ಷರಿ ಗವಾಯಿಗಳನ್ನು ತೊಂದರೆಗೆ ಸಿಕ್ಕಿಸುತ್ತಾರೆ. ನಿಜವಾಗಿ ಕೇಳಿ ಕಣ್ಣೀರಿಟ್ಟವರು ಇದ್ದರು, ಇದ್ದಾರೆ; ಅವರು ಗ್ರಂಥದಲ್ಲಿ ಬರೆಯುವುದಿಲ್ಲ. ಬರೆಯುವವನ ಗೆಳೆಯರನ್ನು ಕೇಳಿ ನೋಡಿ: "ಅಂವಾ? ಬ್ಯಾಂಡ್ ಬಂದ್ರ ಚಡ್ಡಿ ಹಿಡಕೊಂಡ ಓಡ್ತಿದ್ದ." ಆ ಚಡ್ಡಿ ಹಿಡಿದ ಓಟವೇ ಅವನ ಬದುಕಿನ ಅತ್ಯಂತ ಪ್ರಾಮಾಣಿಕ ಸಂಗೀತ ವಿಮರ್ಶೆ. ಅದನ್ನೇ ಅಳಿಸಿಬಿಟ್ಟ.

4.5 ದೀಪಜನ್ಯ, 4.6 ಭಕ್ಷೀಸುಜನ್ಯ, 4.7 ಬೀಗಜನ್ಯ, 4.8 ಸಂಕೀರ್ಣ: ಇವುಗಳನ್ನು ಬರೆಯಲು ಕೂತಿದ್ದೆ. ಮನಸ್ಸಾಗುತ್ತಿಲ್ಲ. ವರ್ಗೀಕರಣದ ಮೇಲೇ ನನಗೆ ಜಿಗುಪ್ಸೆ ಹುಟ್ಟಲು ಕಾರಣವಿದೆ.

ಊರು ಬೇಡ, ಕಾಲೇಜಿನ ಹೆಸರೂ ಬೇಡ. ವಾದ್ಯ ಪರಂಪರೆಯ ಮೇಲೆ ಎರಡು ದಿನದ ವಿಚಾರ ಸಂಕಿರಣವಿತ್ತು. ಅತಿಥಿಗಳನ್ನು ಗೇಟಿನಿಂದ ವೇದಿಕೆಯವರೆಗೆ ಕರೆತರಲು ಬ್ಯಾಂಡ್ ಕಂಪನಿಯೊಂದನ್ನು ಹೇಳಿದ್ದರು. ಕುಂಭ ಹೊತ್ತವರು ಮುಂದೆ, ಬ್ಯಾಂಡಿನವರು ಅವರ ಹಿಂದೆ, ಕೊರಳಲ್ಲಿ ಹಾರ ಹಾಕಿಕೊಂಡವರು ಕೊನೆಗೆ. ವೇದಿಕೆ ಬಂದೊಡನೆ ಸಂಘಟಕರು ಕೈಯೆತ್ತಿದರು. ಬಾರಿಸುವುದು ನಡು ಸಾಲಿಗೇ ನಿಂತಿತು. ಬ್ಯಾಂಡಿನವರು ಹೊರಗೆ ಬೇವಿನ ಮರದ ಕೆಳಗೆ ಹೋಗಿ ಕೂತರು. ಒಳಗೆ ಮೊದಲ ಗೋಷ್ಠಿ ಶುರುವಾಯಿತು. ವಾದ್ಯಗಾರರ ಅಸ್ಮಿತೆ, ವಾದ್ಯಗಾರರ ದೇಹಭಾಷೆ, ಅಂಚಿನ ಸಮುದಾಯಗಳ ಧ್ವನಿಯ ರಾಜಕಾರಣ. ಒಬ್ಬರಂತೂ "ಧ್ವನಿ ಇಲ್ಲದವರ ಧ್ವನಿಯಾಗಬೇಕಿದೆ" ಎಂದು ಮೇಜು ಕುಟ್ಟಿದರು. ಧ್ವನಿ ಇಲ್ಲದವರು ಇಪ್ಪತ್ತು ಮಾರು ದೂರದಲ್ಲಿ ಟ್ರಂಪೆಟ್ಟು ಒರೆಸುತ್ತಿದ್ದರು.

ನಾನು ಎದ್ದು ಹೊರಗೆ ಹೋದೆ. ಕ್ಲಾರಿನೆಟ್ಟಿನ ಹಿರಿಯರು ವಾದ್ಯವನ್ನು ಬಿಚ್ಚಿ ತುಂಡು ತುಂಡಾಗಿ ಟವೆಲ್ಲಿನ ಮೇಲೆ ಇಟ್ಟಿದ್ದರು. ಒಂದು ಕೀಲಿಯ ಸ್ಪ್ರಿಂಗು ಹೋಗಿತ್ತು. ಅದರ ಬದಲು ಔಷಧ ಅಂಗಡಿಯ ಹಳದಿ ರಬ್ಬರ್ ಬ್ಯಾಂಡು ಸುತ್ತಿದ್ದರು. ರೀಡನ್ನು ತೆಗೆದು ನಾಲಗೆಯ ಮೇಲಿಟ್ಟು ಹಸಿ ಮಾಡಿ, ಬೆಳಕಿಗೆ ಹಿಡಿದು ನೋಡಿ, ತಿರುಗಿ ಜೋಡಿಸಿದರು. ಹೊಸ ಹಾಡು ಹೇಗೆ ಕೂಡಿಸುತ್ತೀರಿ ಎಂದು ಕೇಳಿದೆ. ಹೇಳಿದರು: ಮೊದಲು ಕ್ಯಾಸೆಟ್ಟು, ಈಗ ಮೊಬೈಲು. ತಾವು ಮೊದಲು ಒಂದು ಸಾಲು ಕೇಳಿ ಕ್ಲಾರಿನೆಟ್ಟಿನಲ್ಲಿ ಹಿಡಿಯುತ್ತಾರೆ. ಟ್ರಂಪೆಟ್ಟಿನವರು ಅದನ್ನು ಅವರಿಂದ ಹಿಡಿಯುತ್ತಾರೆ. ಡ್ರಮ್ಮಿನವನು ತನ್ನದನ್ನು ತಾನೇ ಹಾಕುತ್ತಾನೆ. ಹಾಳೆಯ ಮೇಲೆ ಒಂದು ಸ್ವರವೂ ಇಲ್ಲ. ಹಾಡುಗಾರ ಉಸಿರು ತಗೊಳ್ಳುವ ಜಾಗದಲ್ಲಿ ತಾವು ತಗೊಳ್ಳುವುದಿಲ್ಲವಂತೆ. "ಹಾಡಾಂವ ನಿಂತ ಹಾಡತಾನ್ರಿ, ನಾವು ನಡಕೊಂತ ಊದತೀವಿ. ದಮ್ ಬ್ಯಾರೆ." ಒಳಗಿನ ಅಷ್ಟೂ ಪ್ರಬಂಧಗಳಲ್ಲಿ ಇಂಥ ಒಂದು ವಾಕ್ಯ ಇರಲಿಲ್ಲ.

ಮಧ್ಯಾಹ್ನವಾಯಿತು. ಊಟಕ್ಕೆ ಚೀಟಿ ಮಾಡಿದ್ದರು, ಪ್ರತಿನಿಧಿಗಳಿಗೆ ಹಸಿರು, ಅತಿಥಿಗಳಿಗೆ ಕೆಂಪು. ಅವರು ನನ್ನನ್ನೇ ಸಂಘಟಕ ಎಂದುಕೊಂಡು ಮೆಲ್ಲಗೆ ಕೇಳಿದರು: "ಊಟದ ಚೀಟಿ ನಮಗೂ ಐತೇನ್ರಿ, ಸರ್?"

ಇರಲಿಲ್ಲ. ಪಟ್ಟಿಯಲ್ಲಿ ಆ ವರ್ಗವೇ ಇರಲಿಲ್ಲ.

ಸಿಟ್ಟು ಬರುವುದು ಇಲ್ಲಿ. ಸನಾದಿ ಜಾನಪದ. ಹಲಗಿ, ಕರಡಿಮಜಲು ಜಾನಪದ. ತಂಬೂರಿ ಶಾಸ್ತ್ರೀಯ. ಹಿತ್ತಾಳೆಯ ಬ್ಯಾಂಡು ಏನು? ವಾದ್ಯ ವಿಲಾಯತಿಯದು, ಆದ್ದರಿಂದ ಜಾನಪದವಲ್ಲ. ಬಾರಿಸುವುದು ಸಿನೆಮಾ ಹಾಡು, ಆದ್ದರಿಂದ ಶಾಸ್ತ್ರೀಯವಲ್ಲ. ಸಿನೆಮಾದವರಿಗಂತೂ ಇವರು ಇರುವುದೇ ಗೊತ್ತಿಲ್ಲ. ಮೂರು ಡಬ್ಬಿಗಳ ನಡುವಿನ ಸಂದಿಯಲ್ಲಿ ಬಿದ್ದವರಿಗೆ ಮಾಸಾಶನದ ಅರ್ಜಿ ಯಾವ ಕಾಲಮ್ಮಿನಲ್ಲಿ ತುಂಬಬೇಕೆಂದೇ ತಿಳಿಯುವುದಿಲ್ಲ. ಅಷ್ಟಕ್ಕೂ ವಿಲಾಯತಿ ಎಂಬ ಮಾತನ್ನು ಯಾರು ನಂಬುತ್ತಾರೆ? ಕದ್ರಿ ಗೋಪಾಲನಾಥರು ಹುಡುಗರಾಗಿದ್ದಾಗ ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿಯೇ ಅದಕ್ಕೆ ಮನಸೋತವರು. ವರ್ಷಗಟ್ಟಲೆ ಸಾಧನೆ ಮಾಡಿ ಅದರಲ್ಲಿ ಕರ್ನಾಟಕ ಸಂಗೀತ ಹರಿಸಿದರು, 2004ರಲ್ಲಿ ಪದ್ಮಶ್ರೀ ಪಡೆದರು. ಕೈಮುಗಿಯಬೇಕಾದ ಸಾಧನೆ. ಸಭೆಯಲ್ಲಿ ಕೂತಾಗ ಅದೇ ಹಿತ್ತಾಳೆ ಶಾಸ್ತ್ರೀಯವಾಯಿತು; ಶಿರಹಟ್ಟಿಯ ರಸ್ತೆಯ ಮೇಲೆ ನಡೆದಾಗ ಅದು "ಬ್ಯಾಂಡ್ ಬಾಜಿ." ಕೂತರೆ ಕಲೆ, ನಡೆದರೆ ಕೂಲಿ. ವರ್ಗೀಕರಣವೆಂದರೆ ಇಷ್ಟೇ.

ಗೋಪಾಲನಾಥರ ರೂಪದಲ್ಲಿ ಬ್ಯಾಂಡ್ ಪಂಥಕ್ಕೆ ಇನ್ನೊಬ್ಬ ಸದಸ್ಯರು ಸಿಕ್ಕರು ಎಂದು ನಾನು ಇಲ್ಲಿ ದಾಖಲಿಸಬೇಕಿತ್ತು. ಪ್ರಬಂಧದ ಶಿಸ್ತು ತಪ್ಪಿದೆ. ತಪ್ಪಲಿ.

ತಂಬೂರಿ ಮಿರಜದಿಂದ ಬರುತ್ತದೆಂದು ಸಂಗೀತ ಬಲ್ಲವರಿಗೆಲ್ಲ ಗೊತ್ತು. ಮಾಡುವ ಮನೆತನಗಳ ಮೇಲೆ ಲೇಖನಗಳಿವೆ, ಫೋಟೋಗಳಿವೆ. ಟ್ರಂಪೆಟ್ಟು ಬರುವುದು ಉತ್ತರ ಪ್ರದೇಶದ ಮೀರತ್ತಿನಿಂದ. ಅಲ್ಲಿಯ ಜಾಲಿ ಕೋಠಿ ಎಂಬ ಓಣಿಯ ಕಾರಖಾನೆಗಳು ದೇಶದ ಮದುವೆ ಬ್ಯಾಂಡುಗಳಿಗೆ ವಾದ್ಯ ಒದಗಿಸುತ್ತ ಬಂದಿವೆ. ಅವುಗಳಲ್ಲಿ ನಾದಿರ್ ಅಲಿ ಕಂಪನಿ ಆರಂಭವಾದದ್ದು 1885ರಲ್ಲಿ. ಬ್ರಿಟಿಷರ ಪಲ್ಟಣದ ಬ್ಯಾಂಡು ನೋಡಿ ಸಂಸ್ಥಾನಿಕರು ಇಟ್ಟುಕೊಂಡರು. ಸಂಸ್ಥಾನಿಕರದು ನೋಡಿ ಸಾಹುಕಾರರು ಕರೆಸಿದರು. ಸಾಹುಕಾರರದು ನೋಡಿ ನಮ್ಮವರು, ಎಕರೆ ಹೊಲ ಒತ್ತಿ ಹಾಕಿಯಾದರೂ ಸರಿ, ಮಗಳ ಲಗ್ನಕ್ಕೆ ಬ್ಯಾಂಡು ಹೇಳಿದರು. ಹಾಗೆ ಬಂದ ಬ್ಯಾಂಡಿನ ಮುಂದೆ ಇಡೀ ಊರು ಒಂದು ತಾಸು ಜಾತಿ ಮರೆತು ಕುಣಿಯುತ್ತಿತ್ತು. ಬಾರಿಸುವವರ ಜಾತಿಯನ್ನು ಮಾತ್ರ ಮರೆಯುತ್ತಿರಲಿಲ್ಲ. ಅವರ ಪಂಕ್ತಿ ಕೊನೆಗೆ, ಹಂದರದ ಹೊರಗೆ.

ಈಗ ಡಿಜೆ ಬಂದಿದೆ. ಟ್ರ್ಯಾಕ್ಟರ್ ಟ್ರೇಲರಿನ ಮೇಲೆ ಗೋಡೆಯಷ್ಟು ಪೆಟ್ಟಿಗೆ. ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬಲ್, ರಾತ್ರಿ 45 ಎಂದು 2000ದ ನಿಯಮ ಹೇಳುತ್ತದೆ. ಆ ಪೆಟ್ಟಿಗೆ ಹಾದುಹೋದರೆ ಅಡಿಗೆ ಮನೆಯ ಗಂಗಾಳಗಳು ನಿಯಮದ ವಿರುದ್ಧ ಸಾಕ್ಷಿ ನುಡಿಯುತ್ತವೆ. ಡಿಜೆಗೆ ಊಟದ ಚೀಟಿ ಬೇಡ, ದಮ್ಮು ಬೇಡ, ಬಾಯಿ ಒಣಗಿ ನೀರು ಕೇಳುವುದಿಲ್ಲ. ಹುಡುಗರು ಈಗಲೂ ಚಪ್ಪಲಿ ಬಿಟ್ಟು ಓಡುತ್ತಾರೆ, ಅದರಲ್ಲಿ ಅವರ ತಪ್ಪಿಲ್ಲ. ಆದರೆ ಓಡಿಹೋಗಿ ನೋಡಿದರೆ ಊದುವ ಒಂದು ಮುಖ ಕಾಣುವುದಿಲ್ಲ, ಉಬ್ಬಿದ ಒಂದು ಗಲ್ಲ ಕಾಣುವುದಿಲ್ಲ. ಹಾಡು ಮನುಷ್ಯರೊಳಗಿಂದ ಬರುತ್ತದೆ ಎಂದು ಕಣ್ಣಾರೆ ಕಂಡು ಬೆರಗಾಗಲು ಅವರಿಗೆ ಉಳಿದ ಜಾಗ ಯಾವುದು?

2020ರ ಮಾರ್ಚ್ 25ಕ್ಕೆ ಲಾಕ್‌ಡೌನ್ ಆಯಿತು. ಲಗ್ನದ ಸುಗ್ಗಿ ಕಾಲು ಇಡುವ ಹೊತ್ತು. ಮುಂದೆ ಮದುವೆಗೆ ಐವತ್ತು ಜನ ಎಂದು ಮಿತಿ ಹಾಕಿದರು. ಐವತ್ತರಲ್ಲಿ ಹತ್ತು ಜಾಗವನ್ನು ಬ್ಯಾಂಡಿಗೆ ಬಿಟ್ಟುಕೊಡುವ ಬೀಗರು ಯಾರು? ಮರುವರ್ಷದ ಸುಗ್ಗಿಯೂ ಹಾಗೆಯೇ ಹೋಯಿತು. ವರ್ಷದ ಗಂಜಿಯನ್ನು ಬಸವ ಜಯಂತಿಯಿಂದ ಮಳೆ ಹಿಡಿಯುವವರೆಗಿನ ಕೆಲವು ವಾರಗಳಲ್ಲಿ ದುಡಿಯುವವರಿಗೆ ಎರಡು ಸುಗ್ಗಿ ಹೋದರೆ ಏನಾಗುತ್ತದೆಂದು ಬಿಡಿಸಿ ಹೇಳಬೇಕಿಲ್ಲ. ಎಷ್ಟೋ ಟ್ರಂಪೆಟ್ಟುಗಳು ಆಗ ತೂಕಕ್ಕೆ ಹೋದವು. ಹಿತ್ತಾಳೆಗೆ ಯಾವಾಗಲೂ ಧಾರಣಿ ಇರುತ್ತದೆ.

ಪ್ರಬಂಧದ ಕೊನೆಗೆ "ಫಲಿತಗಳು" ಮತ್ತು "ಮುಂದಿನ ಅಧ್ಯಯನದ ಸಾಧ್ಯತೆಗಳು" ಎಂಬ ಎರಡು ಭಾಗ ಇರಲೇಬೇಕಂತೆ. ಫಲಿತ ಒಂದೇ: ಬಾಳೆಹೊಸೂರಾಗಲಿ ಗದಗಾಗಲಿ, ಈ ಸೀಮೆಯಲ್ಲಿ ಯಾರಿಗೆ ಯಾವ ಸಂಗೀತದ ಹುಚ್ಚು ಹಿಡಿದಿದ್ದರೂ ಅದರ ಬುಡದಲ್ಲಿ ಹೆಸರಿಲ್ಲದ ಒಬ್ಬ ಬ್ಯಾಂಡಿನವನಿದ್ದಾನೆ. ಇದನ್ನು ಅಲ್ಲಗಳೆಯುವವರು ಮೊದಲು ತಮ್ಮ ಬಾಲ್ಯದ ಗೆಳೆಯರನ್ನು ಕರೆತರಬೇಕು.

ಮುಂದಿನ ಅಧ್ಯಯನಕ್ಕೆ ವಿಶ್ವವಿದ್ಯಾಲಯದ ಅನುದಾನ ಬೇಡ, ನಿಮ್ಮ ಅಟ್ಟ ಸಾಕು. ಗದಗ-ಬೆಟಗೇರಿಯ ಹಳೆಯ ಮನೆತನದವರಲ್ಲಿ ನನ್ನದೊಂದು ವಿನಂತಿ. 1925ರಿಂದ 1933ರ ನಡುವೆ ನಿಮ್ಮ ಮನೆಯಲ್ಲಿ ನಡೆದ ಮದುವೆಗಳ ಖರ್ಚಿನ ವಹಿ ಪೆಟ್ಟಿಗೆಯಲ್ಲಿ ಇನ್ನೂ ಇದ್ದರೆ ತೆಗೆದು ನೋಡಿರಿ. ಬೆಲ್ಲ, ಎಣ್ಣೆ, ಪತ್ರಾವಳಿ, ಗ್ಯಾಸ್‌ಬತ್ತಿಯ ಬಾಡಿಗೆ ಎಲ್ಲ ಬರೆದ ಮೇಲೆ ಬಾಜಿಯವರಿಗೆ ಕೊಟ್ಟ ರೊಕ್ಕದ ಸಾಲೊಂದು ಇರುತ್ತದೆ. ಆ ಸಾಲಿನಲ್ಲಿ ರೊಕ್ಕದ ಜೊತೆಗೆ ಹೆಸರನ್ನೂ ಯಾರಾದರೂ ಬರೆದಿದ್ದರೆ ದಯವಿಟ್ಟು ತಿಳಿಸಿರಿ.